ಮನಾಲಿಯ ಎಣಿಕೆ

ಕೊಲ್ಹಾಪುರ, ಹಾಸ್ಟೆಲ್. ೧೪ ಆಗಸ್ಟ್, ಗುರುವಾರ

ಬ್ಯಾಲೆಯಲ್ಲಿ ಬೆರಳ ತುದಿ ಮೇಲೆ ನಿಲ್ಲೋಕೆ ಹಾಕುವ ಪಾಯಿಂಟ್ ಶೂಸ್ ನನಗೆ ಈ ವರ್ಷ ಇಲ್ಲ. ರೂಮ್‌ಮೇಟ್ ಮನಾಲಿಗೆ ಸಿಕ್ಕವು.

ಟೆಸ್ಟ್ ಸಿಂಪಲ್ ಇತ್ತು. ಒಂದೇ ಕಾಲಲ್ಲಿ ನಿಂತು ಇಪ್ಪತ್ತೈದು ಸಲ ಹಿಮ್ಮಡಿ ಎತ್ತಬೇಕು. ಹನ್ನೊಂದನೇ ಸಲಕ್ಕೇ ಬ್ಯಾಲೆ ಮ್ಯಾಡಮ್ ನನ್ನ ಕಣಕಾಲು ಹಿಡಿದು ನಿಲ್ಲಿಸಿದರು.

"ಪಾದ ಹೊರಗ ವಾಲಾಕತ್ತೈತಿ. ಹಿಂಗ ಬೆರಳ ತುದಿ ಮ್ಯಾಲೆ ನಿಂತ್ರ ಕಾಲು ಮುರಕೋತಿ. ಯಾರೂ ಹೇಳಿಲ್ಲೇನ?"

ಹೇಳಬೇಕಾದವಳು ಪಕ್ಕದಲ್ಲೇ ನಿಂತಿದ್ದಳು. ಮೂರು ತಿಂಗಳು ದಿನಾ ಹಾಸ್ಟೆಲ್ ಮೆಟ್ಟಿಲ ಮೇಲೆ ನಾನು ಗೋಡೆ ಹಿಡಿದು ಎತ್ತುತ್ತಿದ್ದೆ, ಮನಾಲಿ ಹಿಂದೆ ಕೂತು ಎಣಿಸುತ್ತಿದ್ದಳು. ಕೊನೆಗೆ "ಪರ್ಫೆಕ್ಟ್" ಅನ್ನುತ್ತಿದ್ದಳು. ನನ್ನ ಹಿಮ್ಮಡಿ ನನಗೆ ಕಾಣುವುದಿಲ್ಲವಲ್ಲ. ಅವಳದ್ದು ಎಣಿಸುವಾಗ ವಾಲಿದ್ದನ್ನೆಲ್ಲ ನಾನು ಹೇಳುತ್ತಿದ್ದೆ. ಅದಕ್ಕೇ ಅವಳು ಪಾಸು.

ಯಾಕೆ ಹೇಳಲಿಲ್ಲ ಅಂತ ಬಸ್ಸಿನಲ್ಲಿ ಅವಳನ್ನು ಕೇಳಿದೆ.

"ನೀ ಪಕ್ಕಾ ಹೆದರಪುಕ್ಕಿ ಲೇ. ಹೇಳಿದ್ರ ಅಳಕೋಂತ ಕ್ಲಾಸ್ ಬಿಟ್ಟಬಿಡ್ತಿದ್ದಿ" ಅಂದಳು.

ಬಿಡುತ್ತಿದ್ದೆನೇನೋ. ಅದೇ ಜಾಸ್ತಿ ಉರಿಯುತ್ತಿದೆ.

ಸಂಜೆ ಮೊಬೈಲನ್ನು ಹಿಂದಿನ ಮೆಟ್ಟಿಲಿಗೆ ಒರಗಿಸಿಟ್ಟು, ವಿಡಿಯೋ ಹಚ್ಚಿ ಒಬ್ಬಳೇ ಎತ್ತಿದೆ. ಮನಾಲಿ ಬಂದು ತನ್ನ ಜಾಗದಲ್ಲಿ ಕೂತಳು. ನಾನು ಎತ್ತುತ್ತಲೇ ಇದ್ದೆ.

"ಹತ್ತನೇದು ಬರೋಬರ್ ಇಲ್ಲ" ಅಂದಳು.

ಈಗ ಹೇಳುತ್ತಾಳೆ. ವಿಡಿಯೋದಲ್ಲೂ ಹತ್ತನೆಯದೇ ವಾಲಿದೆ. ನಾಳೆಯಿಂದ ಅವಳೂ ಎಣಿಸಲಿ, ವಿಡಿಯೋನೂ ಇರಲಿ.