ಪಾಸಾಗದ ನೀಲಿ

ಮಾರ್ಚ್ 3, ಸೋಮವಾರ

ಬೆಳಗಿನ ಟೀ ಕಿಟಕಿಯಿಂದ ಬಂತು, ಎಂದಿನಂತೆ. ಜೊತೆಗೆ ಹೊಸ ಇಂಕಿನ ಬಾಟಲಿ. ಅಪ್ಪನ ಒಂದು ಅಂಗಡಿ ಎರಡಾಗಿ, ಆ ಕಡೆ ಅಕ್ಕನ ಪೆನ್ನು-ಇಂಕು, ಈ ಕಡೆ ನನ್ನ ಕನ್ನಡಕ ಎಂದಾದದ್ದು ಯಾವ ಕಾಲದ ಮಾತೋ. ನಡುವೆ ಗೋಡೆ ಎಬ್ಬಿಸುವಾಗ ಕಿಟಕಿಯೊಂದನ್ನು ಇಡಿಸಿದ್ದು ಅಕ್ಕನ ಜಾಣತನ. ಅಂದಿನಿಂದ ಪದ್ಧತಿ ಒಂದೇ. ಹಿಂದಿನ ಕೋಣೆಯಲ್ಲಿ ಅಪ್ಪ ಕಲಿಸಿದ ನೀಲಿ ಇಂಕು ಕದಡುವವಳು ಅವಳು, ಪಾಸು ಮಾಡುವವಳು ನಾನು. ಬಿಳಿ ಕಾರ್ಡಿನ ಮೇಲೆ ಒಂದು ಗೆರೆ ಎಳೆದು ನಾನು ‘ಹೂಂ’ ಅಂದ ಮೇಲೆಯೇ ಬಾಟಲಿಗಳಿಗೆ ಲೇಬಲ್ ಅಂಟುವುದು.

ಇವತ್ತು ‘ಹೂಂ’ ಬರಲಿಲ್ಲ. ಯಾಕೋ ಮಂಕು. ನೀಲಿಗೆ ಮಸಿ ಬೆರೆತ ಹಾಗೆ. ಹೇಳಿದೆ. ಅಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ನೀನು ಅಂದ ಮೇಲೆ ಮುಗೀತು ಎಂದು ವಾಪಸು ತೆಗೆದುಕೊಂಡಳು. ವಾದ ಮಾಡಲಿಲ್ಲ. ವಾದ ಮಾಡದ ಅಕ್ಕ — ಬರೆದಿಡಬೇಕಾದ ಸಂಗತಿಯೇ.

ಮಧ್ಯಾಹ್ನ ಗಡಿಯಾರ ರಿಪೇರಿಯ ತಾತ ಬಂದಿದ್ದರು. ಇನ್ನು ಓದಲು ಕನ್ನಡಕ ಬೇಡವಂತೆ, ಬರಿಗಣ್ಣಿಗೇ ಎಲ್ಲ ಕಾಣುತ್ತದಂತೆ, ಕಣ್ಣಿಗೆ ಹರೆಯ ಬಂದಿದೆಯಂತೆ. ಹರೆಯವಲ್ಲ ತಾತಾ, ಪೊರೆ. ಬಲಿಯುವ ಮೊದಲು ಕೆಲವರಿಗೆ ಹತ್ತಿರದ್ದು ಹೀಗೆ ಚೆನ್ನಾಗಿ ಕಾಣುತ್ತದೆ ಎಂದು ತಿಳಿಹೇಳಿ ಕಣ್ಣಿನ ಡಾಕ್ಟರ ಬಳಿಗೆ ಅಟ್ಟಿದೆ. ಪಾಪ, ಮುಖ ಸಪ್ಪಗಾಯಿತು.

ಮಾರ್ಚ್ 11

ಅಕ್ಕನ ಎರಡನೆಯ ಇಂಕು. ನೀಲಿ ಪುಡಿ ಜಾಸ್ತಿ ಹಾಕಿದ್ದಾಳಂತೆ. ಊಹೂಂ. ಅದೇ ಮಂಕು. ಫೇಲ್.

ಒಂದು ಸಂತೋಷದ ಸುದ್ದಿ. ಓದುವ ಕನ್ನಡಕವನ್ನು ಬಿಟ್ಟೇಬಿಟ್ಟಿದ್ದೇನೆ. ಈ ಸಾಲುಗಳನ್ನೂ ಬರಿಗಣ್ಣಲ್ಲೇ ಬರೆಯುತ್ತಿರುವುದು. ಐವತ್ತೆಂಟಕ್ಕೆ ಇದೇನು ಕಡಿಮೆಯೇ. ಮಹಡಿಗೆ ಹೋಗಿ ಇವರ ಮುಂದೆ ಜಂಬ ಕೊಚ್ಚಿದೆ. ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, ಕಣ್ಣಿನ ಜೊತೆ ಬುದ್ಧಿಗೂ ವಯಸ್ಸು ಇಳಿಯುತ್ತಿದೆ ಎಂದರು. ದರ್ಜಿಯನ್ನು ಕಟ್ಟಿಕೊಂಡರೆ ಇಷ್ಟೇ. ಮಾತಿಗೂ ಕತ್ತರಿ.

ಮಾರ್ಚ್ 20, ಸಂಜೆ

ಮೂರನೆಯದು. ಅಕ್ಕನ ಕೈ ಮೊಣಕೈವರೆಗೆ ಬಣ್ಣ. ಎಷ್ಟು ಪುಡಿ ಸುರಿದಳೋ. ನನಗಂತೂ ಮೊದಲಿನದಕ್ಕಿಂತ ಕೂದಲೆಳೆಯಷ್ಟು ವಾಸಿ ಅನ್ನಿಸಿತು, ಅಷ್ಟೇ. ಅವಳ ಶೆಲ್ಫು ಖಾಲಿ, ಗಿರಾಕಿಗಳು ಕಾಯುತ್ತಿದ್ದಾರೆ. ಅರೆಮನಸ್ಸಿನಿಂದ ‘ಹೂಂ’ ಅಂದೆ.

ಅಷ್ಟು ಹೊತ್ತಿಗೆ ಅವಳು ಕಣ್ಣುಜ್ಜಿಕೊಂಡಳು. ಬಾ ಅಕ್ಕಾ, ನನ್ನ ಚೇರಲ್ಲಿ ಕೂತು ಒಂದ್ಸಲ ತೋರಿಸು ಅಂದೆ. ತಂಗಿ ಕೈಲಿ ಪರೀಕ್ಷೆ ಮಾಡಿಸಿಕೊಳ್ಳುವ ಗತಿ ಬಂದಿಲ್ಲ ಎಂದಳು. ವರ್ಷಕ್ಕೊಮ್ಮೆ ಕರೆಯುತ್ತೇನೆ, ವರ್ಷಕ್ಕೊಮ್ಮೆ ಇದೇ ಉತ್ತರ. ಮೊಂಡಿ.

ಏಪ್ರಿಲ್ 2

ಕಿಟಕಿಯಾಚೆ ಬೆಳಗಿನಿಂದ ದೂರು. ವಕೀಲರ ಕಾಗದದಲ್ಲಿ ಇಂಕು ಹಿಂಬದಿಗೂ ಇಳಿದಿದೆ. ಟೀಚರಮ್ಮನ ಬೆರಳಿನ ಕಲೆ ಸೋಪಿಗೂ ಜಗ್ಗುತ್ತಿಲ್ಲ. ತರಗತಿಯ ಮಕ್ಕಳೆಲ್ಲ ನೋಡಿ ನಗುತ್ತಾರಂತೆ. ಇನ್ನೊಬ್ಬರು, ಈ ನೀಲಿ ಕಣ್ಣಿಗೆ ಹೊಡೆಯುತ್ತದೆ ಎಂದು ಬಾಟಲಿಯನ್ನೇ ವಾಪಸು ಕೊಟ್ಟರು.

ಕಣ್ಣಿಗೆ ಹೊಡೆಯುತ್ತದಂತೆ! ನನಗೆ ಕಂಡದ್ದು ಕೆಸರು. ಈ ಜನರ ಕಣ್ಣಿಗೆಲ್ಲ ಏನಾಗಿದೆಯೋ. ಒಬ್ಬೊಬ್ಬರನ್ನೂ ಹಿಡಿದು ಚೇರಲ್ಲಿ ಕೂರಿಸಬೇಕು.

ಏಪ್ರಿಲ್ 5, ಶನಿವಾರ

ಸರ್ಕಲ್ಲಿನ ದೊಡ್ಡ ಅಂಗಡಿಗೆ ಹೋಗಿ ಕಂಪನಿ ಇಂಕು ತಂದೆ. ನನ್ನ ಪೆನ್ನಿಗೂ ಒಂದು ನೀಲಿ ಬೇಕಲ್ಲ. ರಾಯಲ್ ಬ್ಲೂ, ಓಶನ್ ಬ್ಲೂ, ಹೆಸರು ನೆನಪಿರದ ಇನ್ನೊಂದು. ಬಾಟಲಿಗಳೇನೋ ಅತ್ತರಿನ ಸೀಸೆಯಷ್ಟು ಚೆಂದ. ಒಂದರ ಮೇಲೆ ಸಮುದ್ರದ ಚಿತ್ರ. ಗೆರೆ ಎಳೆದರೆ ಎಲ್ಲ ಒಂದೇ ಓಣಿಯವು. ರಾಯಲ್ ಅನ್ನುವುದಕ್ಕೆ ರಾಜನಿಗೇ ಮಂಕು ಬಡಿದಿದೆ.

ಮೂರನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟಿದ್ದೇ ತಪ್ಪಾಯಿತು. ಸಂಜೆಯ ಟೀ ಕೊಡಲು ಕಿಟಕಿ ತೆರೆದ ಅಕ್ಕ ನೋಡಿಬಿಟ್ಟಳು. ಲೋಟ ಅಲ್ಲೇ ನಿಂತಿತು.

ನೀರೇ ಬದಲಾಗಿದೆಯೋ ಏನೋ, ನಾನು ಮಾಡುವುದೆಲ್ಲ ಮಾಡಿದ್ದೇನೆ ಎಂದಳು. ನನಗೆ ನಾಲಗೆ ಬಿಗಿಹಿಡಿಯುವ ಅಭ್ಯಾಸ ಎಲ್ಲಿದೆ? “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದೆ. ತಮಾಷೆಗೆ. ನಿಜವಾಗಿಯೂ ತಮಾಷೆಗೇ.

ಅಕ್ಕ ನಗಲಿಲ್ಲ. “ಅಪ್ಪನ ಇಂಕು ನಿನ್ನ ಕಣ್ಣಲ್ಲಿ ಪಾಸಾಗಲ್ಲ ಅಂದ್ರೆ ನಾನಿನ್ನು ಮಾಡೋದಿಲ್ಲ. ಆ ಕಂಪನಿ ಇಂಕಲ್ಲೇ ಬರ್ಕೋ” ಎಂದು ಲೋಟ ವಾಪಸು ತೆಗೆದುಕೊಂಡು ಕಿಟಕಿಯ ಚಿಲಕ ಹಾಕಿದಳು. ಆ ಚಿಲಕ ಇದೆ ಎಂಬುದೇ ನನಗೆ ಮರೆತಿತ್ತು.

ಏಪ್ರಿಲ್ 24

ಬರೆಯಲು ಏನೂ ಇಲ್ಲ. ಕಿಟಕಿ ಮುಚ್ಚಿದೆ. ಟೀ ನಾನೇ ಮಾಡಿಕೊಳ್ಳುತ್ತೇನೆ. ಟೀ ಅನ್ನುವುದಕ್ಕಿಂತ ಬಿಸಿನೀರು ಅನ್ನುವುದು ಸತ್ಯಕ್ಕೆ ಹತ್ತಿರ.

ಇವರು ತಂದ ಸುದ್ದಿ — ಅಪ್ಪ ಇಂಕು ಕದಡುತ್ತಿದ್ದ ದೊಡ್ಡ ಗಾಜಿನ ಜಾಡಿಗಳನ್ನು ಕೊಂಡೊಯ್ಯಲು ಅಕ್ಕ ಗುಜರಿಯವನಿಗೆ ಹೇಳಿದ್ದಾಳೆ. ಮುಂದಿನ ತಿಂಗಳು ಬರುತ್ತಾನಂತೆ. ಆ ಜಾಡಿಗಳಲ್ಲಿ ನಮ್ಮಿಬ್ಬರ ಮುಖ ಉಬ್ಬಿ ಕಾಣುತ್ತಿತ್ತು ಚಿಕ್ಕಂದಿನಲ್ಲಿ. ಹೋಗಿ ಮಾತಾಡು ಎಂದರು ಇವರು. ಮಾತಾಡಿ ಏನು ಹೇಳಲಿ? ಇಲ್ಲದ ನೀಲಿಯನ್ನು ಇದೆ ಅನ್ನಲೇ?

ಏಪ್ರಿಲ್ 26, ಶನಿವಾರ

ನಾನೊಬ್ಬಳು ಪೆದ್ದಿ. ಇಷ್ಟು ಬರೆದ ಮೇಲೆ ಮುಂದಿನದು.

ಬ್ಯಾಂಕ್ ಮ್ಯಾನೇಜರರ ನೇವಿ ಬ್ಲೂ ಕೋಟು ಹೊಲಿಯುತ್ತಿದ್ದರು ಇವರು. ಅದೇ ಬಣ್ಣದ ದಾರ ಕೊಡು ಎಂದರು, ಕೊಟ್ಟೆ. ಇದು ಕಪ್ಪು ಎಂದರು. ಅಲ್ಲ, ನೇವಿ ಎಂದೆ. ಇನ್ನೊಂದು ಉಂಡೆ ತೆಗೆದು ಪಕ್ಕದಲ್ಲಿಟ್ಟು, ಯಾವುದು ಯಾವುದು ಹೇಳು ಎಂದರು. ಎರಡೂ ಅವಳಿ-ಜವಳಿ.

ಕತ್ತರಿ ಕೆಳಗಿಟ್ಟರು. ಕೈ ಹಿಡಿದು ಅಂಗಡಿಗೆ ಇಳಿಸಿ, ನನ್ನದೇ ಚೇರಲ್ಲಿ ನನ್ನನ್ನೇ ಕೂರಿಸಿ, ನಾನು ಗಿರಾಕಿಗಳಿಗೆ ಹೇಳುವ ಧಾಟಿಯಲ್ಲೇ, “ಅಲುಗಾಡಬಾರದು ಅಮ್ಮಾ, ಒಂದು ಕಣ್ಣು ಮುಚ್ಕೊಳ್ಳಿ” ಎಂದರು. ಗೋಡೆಯ ಚಾರ್ಟನ್ನು ಮೇಲಿಂದ ಕೆಳಗೆ ಪಟಪಟನೆ ಒಪ್ಪಿಸಿದೆ. ಬಾಯಿಪಾಠ ಬೇಡ ಎಂದು ಚಾರ್ಟನ್ನು ತಲೆಕೆಳಗು ಮಾಡಿ ತೂಗುಹಾಕಿದರು. ದೊಡ್ಡಕ್ಷರದಿಂದ ಶುರು ಮಾಡಿ ಮೂರನೇ ಸಾಲಿಗೇ ತೊದಲಿದೆ. ಇನ್ನೊಂದು ಕಣ್ಣಲ್ಲೂ ಅದೇ ಕತೆ.

ಆಗ ನೆನಪಾದರು ಗಡಿಯಾರದ ತಾತ. ಕಣ್ಣಿಗೆ ಬಂದ ಹರೆಯ. ಮಂಕು, ಕೆಸರು, ಮಸಿ. ಯಾವ ಗಿರಾಕಿ ಇದನ್ನು ಹೇಳಿದ್ದರೂ ಕುರ್ಚಿಯಿಂದ ಏಳುವ ಮೊದಲೇ ಡಾಕ್ಟರಿಗೆ ಚೀಟಿ ಬರೆದುಕೊಡುತ್ತಿದ್ದೆ. ದೀಪದ ಬುಡದಲ್ಲೇ ಕತ್ತಲೆ. ಇವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ತಲೆ ಸವರಿದರು.

ಏಪ್ರಿಲ್ 28

ಡಾಕ್ಟರ ಬಳಿ ಹೋಗಿದ್ದೆ. ಎರಡರಲ್ಲೂ ಪೊರೆ. ಆಪರೇಶನ್ ಮೊದಲು ಬಲಗಣ್ಣಿಗೆ, ಎಡಗಣ್ಣಿಗೆ ಆಮೇಲೆ. ಹೊರಗೆ ಬೆಂಚಿನ ಮೇಲೆ ಕಪ್ಪು ಕನ್ನಡಕ ಹಾಕಿ ಕೂತಿದ್ದ ಗಡಿಯಾರದ ತಾತ ನನ್ನ ದನಿ ಗುರುತು ಹಿಡಿದು, “ನಿಮಗೂ ಹರೆಯ ಬಂತೇನಮ್ಮಾ?” ಎಂದರು. ಬೆಂಚಿಗೆ ಬೆಂಚೇ ನಕ್ಕಿತು.

ಮೇ 8, ಗುರುವಾರ

ಆಪರೇಶನ್ ಆದ ಬಲಗಣ್ಣಿನ ಪಟ್ಟಿ ಬಿಚ್ಚಿದರು. ಬಚ್ಚಲಿನ ಬಕೆಟ್ಟು ನೀಲಿ! ಇವರ ಬೂದು ಅಂಗಿ ಬೂದಲ್ಲ, ನೀಲಿ. ಆಕಾಶದ ಸುದ್ದಿ ಬಿಡಿ, ಅದನ್ನು ನೋಡಿ ಮೆಟ್ಟಿಲಲ್ಲೇ ನಿಂತೆ, ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದರು. ಎಷ್ಟು ಖುಷಿಯಾಯಿತು ಅಂದರೆ ಎದುರಿಗೆ ಸಿಕ್ಕ ಪೋಸ್ಟಿನವನಿಗೆ, ನಿಮ್ಮ ಸೈಕಲ್ಲು ಎಷ್ಟು ಚೆನ್ನಾಗಿದೆ ಎಂದೆ.

ಅಂಗಡಿಗೆ ಬಂದು ಮೊಳೆಗೆ ಸಿಕ್ಕಿಸಿದ್ದ ಕಾರ್ಡುಗಳನ್ನು ತೆಗೆದೆ. ಮಾರ್ಚ್ ಮೊದಲ ವಾರದ ಗೆರೆ — ನಾನು ಫೇಲ್ ಮಾಡಿದ್ದು — ಅಪ್ಪನ ನೀಲಿ. ಚೂರೂ ಆಚೀಚೆ ಇಲ್ಲ. ಮೂರನೆಯದು, ನಾನು ಪಾಸು ಮಾಡಿದ್ದು, ಅಯ್ಯೋ, ನಿಜಕ್ಕೂ ಕಣ್ಣಿಗೆ ಹೊಡೆಯುತ್ತದೆ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ. ಎಲ್ಲ ಕೆಸರು. ಮತ್ತೆ ಬಲಗಣ್ಣು. ನೀಲಿ. ಅಳು ಬಂತು. ಅಳಬಾರದು, ಕಣ್ಣಿಗೆ ನೀರು ಸೋಕಬಾರದು ಅಂದಿದ್ದಾರೆ ಡಾಕ್ಟರು. ತಡೆದುಕೊಂಡೆ.

ನೆಲ ಡೊಂಕಿರಲಿಲ್ಲ. ಕುಣಿಯಲಾರದವಳು ನಾನೇ.

ಮೇ 9, ಮಧ್ಯಾಹ್ನ

ಅಕ್ಕನ ಅಂಗಡಿಗೆ ಮುಂಬಾಗಿಲಿನಿಂದ ಹೋದೆ. ಕಿಟಕಿ ಇದ್ದಾಗ ಬಾಗಿಲು ಯಾರಿಗೆ ಬೇಕಿತ್ತು. ಜಾಡಿಗಳು ಗುಜರಿಯವನಿಗಾಗಿ ಬಾಗಿಲ ಬದಿಯಲ್ಲಿ ಸಾಲಾಗಿ ಕಾದಿದ್ದವು. ಕಾರ್ಡುಗಳನ್ನು ಅವಳ ಮುಂದಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಪೊರೆ, ದಾರ, ತಲೆಕೆಳಗಾದ ಚಾರ್ಟು. ನಿನ್ನ ಮೊದಲ ಇಂಕೇ ಸರಿಯಿತ್ತು ಅಕ್ಕಾ, ತಪ್ಪು ನನ್ನದು ಎಂದೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ.

ಬೈಯಲಿಲ್ಲ. ಕಾರ್ಡುಗಳನ್ನು ನೋಡಲೂ ಇಲ್ಲ.

“ನೋಡಿ ಏನು ಮಾಡ್ಲಿ? ನನಗೆ ಮೂರೂ ಒಂದೇ ಥರ ಕಾಣೋದು” ಎಂದಳು.

ಕಾರ್ಡುಗಳನ್ನು ಅವಳ ಕಣ್ಣಿನ ಹತ್ತಿರಕ್ಕೆ ಹಿಡಿದೆ, ಪಕ್ಕಕ್ಕೆ ಸರಿಸಿದಳು.

“ನೀಲಿ ಕಾಣದೆ ವರ್ಷಗಳಾದ್ವು ಕಣೆ. ಬಾಟಲಿ ಕೊಟ್ಟು ನಿನ್ನ ಮುಖ ನೋಡ್ತಿದ್ದೆ. ನಿನ್ನ ಮುಖ ಅರಳಿದ್ರೆ ಇಂಕು ಸರಿ ಇದೆ ಅಂತ. ಈ ಸಲ ಅರಳಲೇ ಇಲ್ಲ. ಇನ್ನು ನನ್ನ ಕೈಲಾಗಲ್ಲ ಅಂದ್ಕೊಂಡೆ.”

ಹೇಳಬಾರದಿತ್ತೇ ಎಂದೆ. ಹೇಳಿದ್ದರೆ ನೀನು ಆ ಚೇರಲ್ಲಿ ಕೂರಿಸುತ್ತಿದ್ದೆ, ಕೆಲಸ ಬಿಡು ಅನ್ನುತ್ತಿದ್ದೆ, ಅದಕ್ಕೇ ಹತ್ತಿರ ಸುಳಿಯಲಿಲ್ಲ ಎಂದಳು. ಊರಿಗೆಲ್ಲ ಕನ್ನಡಕ ಕೊಡುವ ನಾನು ಗೋಡೆಯಾಚೆಯ ಅಕ್ಕನ ಕಣ್ಣನ್ನು ಇಷ್ಟು ವರ್ಷ ನೋಡಿರಲಿಲ್ಲ. ನೋವಾಯಿತು. ನೋವಾದಷ್ಟೇ ನಗುವೂ ಬಂತು. ಕಾಣದವಳು ಕದಡಿದ ಇಂಕನ್ನು ಕಾಣದವಳು ಫೇಲ್ ಮಾಡಿ, ಕಾಣುವ ಊರಿನ ಬೆರಳಿಗೆಲ್ಲ ಬಣ್ಣ ಬಳಿದಿದ್ದೇವೆ. ಮೊದಲು ನಕ್ಕವಳು ಅಕ್ಕ. ವಕೀಲರ ಕಾಗದ ನೆನಪಿಸಿಕೊಂಡು ಅವಳಿಗೆ ಬಿಕ್ಕಳಿಕೆಯೇ ಬಂತು. ಗುಜರಿಯವನು ಬಂದು ಬಾಗಿಲಲ್ಲಿ ನಿಂತು, ನಗು ನಿಲ್ಲುವ ಲಕ್ಷಣ ಕಾಣದೆ ಹಾಗೇ ಹೋದ.

ಮೇ 17

ಅಕ್ಕ ಚೇರಲ್ಲಿ ಕೂತಳು. ಚಾರ್ಟು ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ನಮ್ಮವರೇ ಹೇಳಿಕೊಟ್ಟರಂತೆ. ಮನೆಮುರುಕರು. ತಲೆಕೆಳಗು ಮಾಡಿ ಹಾಕಿದೆ. ಮುಂದಿನ ತಿಂಗಳು ಅವಳಿಗೂ ಆಪರೇಶನ್. ಅಲ್ಲಿಯವರೆಗೆ ಇಬ್ಬರ ನಡುವೆ ನೆಚ್ಚಬಹುದಾದ ಕಣ್ಣು ಒಂದೇ, ನನ್ನ ಬಲಗಣ್ಣು. ಅದರ ಮೇಲೆ ಅಂಗಡಿ ನಡೆಯಬೇಕು.

ಕಂಪನಿ ಇಂಕುಗಳನ್ನು ಬಲಗಣ್ಣಲ್ಲಿ ನೋಡಿದೆ. ಪಾಪ, ಒಂದೊಂದೂ ಚೆನ್ನಾಗಿದೆ. ಆದರೂ ಟೀಚರಮ್ಮನಿಗೆ ಕೊಟ್ಟುಬಿಟ್ಟೆ, ಬೆರಳಿನ ಪರಿಹಾರವಾಗಿ. ನನ್ನ ಪೆನ್ನು ಖಾಲಿ ಇದೆ, ಇದನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಕಾಯುತ್ತೇನೆ.

ಮೇ 23, ಬೆಳಿಗ್ಗೆ

ಚಿಲಕ ಸರಿದ ಸದ್ದು. ಟೀ ಬಂತು. ಪಕ್ಕದಲ್ಲಿ ಬಾಟಲಿ, ಲೇಬಲ್ ಇಲ್ಲದ್ದು. ಪುಡಿಯನ್ನು ಅಪ್ಪನ ಅಳತೆಗೆ ಹಾಕಿದ್ದಾಳಂತೆ, ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಪೆನ್ನಿಗೆ ತುಂಬಿಸಿದೆ. ಕಾರ್ಡು ಯಾಕೆ, ಇಲ್ಲೇ ಬರೆದು ನೋಡುತ್ತೇನೆ. ಎಡಗಣ್ಣು ಮುಚ್ಚಿದ್ದೇನೆ. ಅಕ್ಕ ಕಿಟಕಿಗೆ ಮೊಣಕೈ ಊರಿ ಕಾಯುತ್ತಿದ್ದಾಳೆ. ನೋಡುತ್ತಿರುವುದು ಇಂಕನ್ನಲ್ಲ, ನನ್ನ ಮುಖವನ್ನು. ‘ಹೂಂ’ ಅನ್ನದೆ ಸ್ವಲ್ಪ ಹೊತ್ತು ಸತಾಯಿಸೋಣ ಅಂದುಕೊಂಡೆ, ಆದರೆ ಈ ಹಾಳು ಮುಖ ಆಗಲೇ —