ಕೆಳಗಿನ ಗೆರೆ

ಮಾರ್ಚ್ 14, ಮಂಗಳವಾರ
ಊಟದ ಬಿಡುವು

ಬೈದು ಬೈದೇ ನನ್ನನ್ನು ಸಾಕಿದ ಅಕ್ಕನಿಗೆ,

ಫೋನಿನಲ್ಲಿ ನೀನು ಮಾತು ಮರೆಸುತ್ತೀಯ. ಊಟ ಆಯಿತಾ ಅಂತ ಶುರು ಮಾಡಿ, ನನ್ನ ಮಗಳ ನೆಗಡಿಯವರೆಗೂ ಬಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೇಕಾದರೆ ಬೈಯಿ.

ನಿನ್ನೆ ನಮ್ಮ ಆಸ್ಪತ್ರೆಗೆ ಎರಡನೇ ಇಂಜೆಕ್ಷನ್‌ಗೆ ನೀನು ಬರಲಿಲ್ಲ. ನಿಮ್ಮ ಅಕ್ಕ ಎಲ್ಲಿ ಅಂತ ನರ್ಸ್ ನನ್ನ ಮೇಜಿನ ತನಕ ಬಂದು ಕೇಳಿದಳು. ಭಾವನಿಗೆ ಫೋನ್ ಮಾಡಿದೆ. ಲಾಂಡ್ರಿಯಲ್ಲಿ ಇಬ್ಬರು ರಜೆ, ಹೋಟೆಲಿನ ಬೆಡ್‌ಶೀಟು ರಾಶಿ ಬಿದ್ದಿವೆ, ಇಸ್ತ್ರಿ ಯಾರು ಮಾಡುತ್ತಾರೆ ಅಂದೆಯಂತೆ ಭಾವನ ಹತ್ತಿರ. ಲೋಕದ ಸುಕ್ಕೆಲ್ಲ ನಿನ್ನ ತಲೆಗೇ ಬಂದಿದೆ ನೋಡು.

ಹೋದ ಭಾನುವಾರ ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ನಿಮ್ ಆಫೀಸ್ ಲೆಕ್ಕದಲ್ಲಿ ನನ್ನಂಥೋರ್ ಗತಿ ಏನು? ನಿಜ ಹೇಳು." ಈಗಿನ ಕಾಲದಲ್ಲಿ ಎಲ್ಲರೂ ಉಳಿಯುತ್ತಾರೆ ಬಿಡು ಅಂದೆ ನಾನು. ಅದು ಸುಳ್ಳು.

ನನ್ನ ಕೆಲಸ ನಿನಗೆ ಗೊತ್ತಲ್ಲ. ಚಿಕಿತ್ಸೆ ಪಡೆದವರ ಮನೆಗೆ ವರ್ಷಕ್ಕೊಮ್ಮೆ ಫೋನ್ ಮಾಡುವುದು. ಇದ್ದಾರಾ ಅಂತ ಕೇಳಬಾರದು, ಹೇಗಿದ್ದಾರೆ ಅಂತ ಕೇಳಬೇಕು. ಆ ಕಡೆ ಸುಮ್ಮನಾದರೆ ಅದೇ ಉತ್ತರ, ಬರೆದುಕೊಳ್ಳುತ್ತೇನೆ. ಇದೆಲ್ಲ ಸೇರಿ ನಮ್ಮ ಆಫೀಸಿನ ಗೋಡೆಯ ಮೇಲೆ ಎರಡು ಗೆರೆಯ ಒಂದು ಚಿತ್ರವಾಗಿದೆ. ಇಪ್ಪತ್ತು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಬಂದು ಇಲ್ಲಿಗೆ ಬಂದ ನೂರು ಹೆಂಗಸರಲ್ಲಿ ಐವತ್ತು ಜನ ಐದು ವರ್ಷ ದಾಟುತ್ತಿದ್ದರು. ಓದಿದವರು, ಓದದವರು ಅಂತ ಹೆಚ್ಚು ಭೇದವಿರಲಿಲ್ಲ. ಈಗ ಓದಿ ಆಫೀಸಿಗೆ ಹೋಗುವವರಲ್ಲಿ ನೂರಕ್ಕೆ ಎಂಬತ್ತೈದು ಜನ ದಾಟುತ್ತಾರೆ. ಅವರ ಗೆರೆ ಮೇಲೆ ಹೋಗುತ್ತಲೇ ಇದೆ. ಮೈಮುರಿದು ದುಡಿಯುವವರದು ಐವತ್ತೆಂಟಕ್ಕೆ ಬಂದು ನಿಂತುಬಿಟ್ಟಿದೆ. ಅದೇ ಔಷಧಿ, ಅದೇ ಡಾಕ್ಟರು, ಅದೇ ಮಂಚ.

ನಿನ್ನ ಫಾರಂ ನನ್ನ ಮೇಜಿಗೇ ಬಂತು. ನಾನು ಏನು ಮಾಡಿದೆ ಗೊತ್ತಾ? ಉದ್ಯೋಗ ಶಾಲಾ ಶಿಕ್ಷಕಿ, ಓದು ಪದವಿ ಅಂತ ಬರೆದೆ. ಮೇಲಿನ ಗೆರೆಗೆ ನಿನ್ನನ್ನು ಎತ್ತಿ ಕೂರಿಸಿದರೆ ನಿನ್ನ ಎದೆಯ ಗಂಟು ನಂಬುತ್ತದೆ ಅನ್ನುವ ಹಾಗೆ. ನಗಬೇಡ. ಕೈಲಾಗದವಳು ಮೈ ಪರಚಿಕೊಂಡಳಂತೆ. ಮಾರನೆಯ ದಿನ ಅದನ್ನು ಹೊಡೆದುಹಾಕಿ ಸರಿಯಾದದ್ದನ್ನೇ ಬರೆದೆ. ಇಸ್ತ್ರಿ ಕೆಲಸ, ಏಳನೇ ಕ್ಲಾಸು. ನಾನು ಓದಲಿ ಅಂತ ನೀನು ಶಾಲೆ ಬಿಟ್ಟ ಕ್ಲಾಸು. ನಿನ್ನ ಬೆನ್ನ ಮೇಲೆ ಕಾಲಿಟ್ಟು ನಾನು ಮೇಲಿನ ಗೆರೆಗೆ ಹತ್ತಿದ್ದೇನೆ ಅಕ್ಕ, ಅಲ್ಲಿಂದ ಕೈ ಚಾಚಿದರೆ ನೀನು ಸಿಗುತ್ತಿಲ್ಲ.

ಕೆಳಗಿನ ಗೆರೆಯವರು ತಡವಾಗಿ ಬರುತ್ತಾರೆ, ನಡುವೆ ಬಿಟ್ಟುಹೋಗುತ್ತಾರೆ. ತಡವಂತೂ ಆಗಿಹೋಯಿತು. ಬಿಡಬೇಡ. ನಾಡಿದ್ದು ಗುರುವಾರ ಹತ್ತು ಗಂಟೆಗೆ ನಿನ್ನ ಹೆಸರು ಮತ್ತೆ ಬರೆಸಿದ್ದೇನೆ. ಬಂದರೆ ಉಳಿಯುತ್ತೀಯ ಅಂತ ಮಾತು ಕೊಡಲು ನನ್ನಿಂದಾಗದು. ಹೆದರಿ ಹೆದರಿ ಸಾಕಾಗಿದೆ. ಬಾ, ಅಷ್ಟೇ.

ನಿನ್ನ ಹಿಂದೆಯೇ ತಿರುಗಿ ‘ಬಾಲ’ ಅನ್ನಿಸಿಕೊಂಡ
ತಂಗಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು: ಗಂಟು ಕಂಡು ಎಷ್ಟು ದಿನವಾಯಿತು ಅಂತ ಡಾಕ್ಟರ್ ಕೇಳಿದಾಗ, ನನ್ನ ಮುಖ ನೋಡದೆ ಎರಡು ತಿಂಗಳು ಅಂದೆಯಲ್ಲ, ಯಾಕೆ ಅಂತ ನನಗೆ ಗೊತ್ತು. ಹನ್ನೊಂದು ತಿಂಗಳಾಗಿತ್ತು. ಆಗಲೇ ನಮ್ಮ ಮನೆಯ ಬಚ್ಚಲಲ್ಲಿ ನೀನು ನನ್ನ ಕೈ ಹಿಡಿದು ಮುಟ್ಟಿಸಿದ್ದೆ. ವಾರ್ಷಿಕ ವರದಿಯ ಗಡಿಬಿಡಿಯಲ್ಲಿ ನಾನೇ, ಮೂಟೆ ಎತ್ತಿ ಎತ್ತಿ ಊದಿಕೊಂಡಿದೆ, ಏನಿಲ್ಲ ಹೋಗು ಅಂದಿದ್ದೆ. ಇವತ್ತು ಫಾರಂನಲ್ಲಿ ಎರಡನ್ನು ಹೊಡೆದುಹಾಕಿ ಹನ್ನೊಂದು ಅಂತ ಬರೆದೆ. ತಡಕ್ಕೆ ಕಾರಣ ಅನ್ನುವಲ್ಲಿ ಗುರುತು ಹಾಕಲು ಮೂರೇ ಇವೆ: ಅರಿವಿಲ್ಲ, ಹಣವಿಲ್ಲ, ದೂರ. ತಂಗಿ ಅಂತ ಇಲ್ಲ. ಖಾಲಿ ಬಿಟ್ಟಿದ್ದೇನೆ.