ಎಲ್ಲಿಗೆ ಹೊಂಟ್ರಿ ಅಂತ ಕೇಳಿದ್ದು

ನಮ್ಮ ಅಳಿಯದೇವರಿಗೆ,

ನೀವು ಇದ್ದಾಗ ನಿಮ್ಮೆದುರು ನಿಂತು ಮಾತಾಡಿದವಳಲ್ಲ ನಾನು. ನಿಮ್ಮ ಮನೆಯಲ್ಲೇ ಇರಲು ಬಂದರೂ ನಮ್ಮ ಚೋರನೂರಿನ ಪದ್ಧತಿ ಬಿಡಲಿಲ್ಲ, ಅಳಿಯ ಪಡಸಾಲೆಯಲ್ಲಿ, ಅತ್ತೆ ಬಾಗಿಲ ಹಿಂದೆ. "ಲೇ ನೀಲಾ, ನಿನ್ನ ಗಂಡಗ ಇನ್ನೊಂದು ರೊಟ್ಟಿ ಬೇಕೇನು ಕೇಳು" ಅಂತ ನಾನು ಒಳಗಿಂದ ಕೂಗಿದರೆ, "ನಿಮ್ಮವ್ವಗ ಹೇಳು, ಹೊಟ್ಟಿ ಒಡೀತೈತಿ" ಅಂತ ನೀವು. ಇಬ್ಬರಿಗೂ ಕೇಳಿಸುತ್ತಿತ್ತು. ನಡುವೆ ನಿಂತ ನನ್ನ ಮಗಳು ಸುಮ್ಮನೆ ನಗುತ್ತಿದ್ದಳು. ಈಗ ಇನ್ನೆಂಥ ನಾಚಿಕೆ? ಮೂರನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ.

ಆ ಮುಂಜಾನೆ ನೆನಪಿದೆಯೇ? ಫ್ಯಾಕ್ಟರಿಗೆ ರಜೆ. ಆದರೂ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಬೈಕು ಒರೆಸುತ್ತಿದ್ದಿರಿ. ನನಗೆ ತಡೆಯಲಾಗಲಿಲ್ಲ. ನೀವು ಹೊಸ್ತಿಲು ದಾಟುವಾಗ ಸೆರಗು ಎಳೆದುಕೊಂಡು ಕೇಳಿಯೇಬಿಟ್ಟೆ: "ಎಲ್ಲಿಗೆ ಹೊಂಟ್ರಿ?" ಹೊರಟವರನ್ನು ಹಾಗೆ ಕೇಳಬಾರದು, ಅಪಶಕುನ, "ದೂರೇನ್ರಿ" ಅನ್ನಬೇಕು ಎಂದು ನೀಲಾಗೆ ಕಲಿಸಿದವಳೇ ನಾನು. ನಿಮ್ಮೊಡನೆ ನೇರವಾಗಿ ಆಡಿದ್ದು ಅದೊಂದೇ ಮಾತು. ನೀವು ತಿರುಗಿ ನಕ್ಕಿರಿ. "ಬಂದು ಹೇಳ್ತೀನಿ ಬಿಡ್ರಿ ಅತ್ತಿ" ಎಂದು ಮೆಲ್ಲಗೆ ಅಂದಿರಿ. ಮಧ್ಯಾಹ್ನದೊಳಗೆ ಕಂಪ್ಲಿ ರಸ್ತೆಯಲ್ಲಿ ಆ ಲಾರಿ...

ಒಲೆಯ ಮುಂದಿದ್ದ ನೀಲಾಗೆ ನನ್ನ ಪ್ರಶ್ನೆ ಕೇಳಿಸಿತ್ತು, ನಿಮ್ಮ ಉತ್ತರ ಕೇಳಿಸಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮಂದಿಯ ಮುಂದೆಯೇ ಅಂದಳು: "ನೀ ಕೇಳಿದ್ದಕ್ಕ ಹಿಂಗಾತು, ಯವ್ವಾ." ನನ್ನ ಬಾಯಿಗೆ ಅಷ್ಟು ಶಕ್ತಿ ಇದ್ದಿದ್ದರೆ ಈ ಲಾರಿಗಳೆಲ್ಲ ಎಂದೋ ಕೆಟ್ಟು ನಿಲ್ಲುತ್ತಿದ್ದವು, ದಿನಾ ಬೈಯುತ್ತೇನಲ್ಲ! ನಿಮ್ಮ ಉತ್ತರವನ್ನಾದರೂ ಹೇಳಲೇ ಅನ್ನಿಸಿತು. ಆದರೆ ಬಂದು ಹೇಳುತ್ತೇನೆ ಎಂದವರು ಬರಲಿಲ್ಲ ಅಂತ ಯಾವ ಬಾಯಿಂದ ಹೇಳುವುದು? ನುಂಗಿಕೊಂಡೆ.

ಅಂದಿನಿಂದ ನಮ್ಮಿಬ್ಬರ ನಡುವೆ ನಿಮ್ಮ ಮಗಳು ಪಲ್ಲವಿ. "ಅಜ್ಜಿಗೆ ಉಣ್ಣಾಕ ಹೇಳು." "ನಿಮ್ಮವ್ವಗ ಹೇಳು, ಸಾರಿಗೆ ಉಪ್ಪಿಲ್ಲ." ಒಂದು ದಿನ ಹುಡುಗಿ ತಟ್ಟೆ ತಳ್ಳಿ, "ನಾನೇನು ಪೋಸ್ಟ್ ಡಬ್ಬಿ ಏನು?" ಅಂದಳು. ನಿಮ್ಮದೇ ನಾಲಿಗೆ.

ಆಮೇಲೆ ನೀಲಾ ಮುಂಜಾನೆ ಮುಂಜಾನೆ ಹೊರಗೆ ಹೋಗತೊಡಗಿದಳು. ಸೀರೆಯ ಅಂಚಿಗೆ ಗ್ರೀಸು, ಅಂಗೈಯಲ್ಲಿ ಬೊಬ್ಬೆ. ಎಲ್ಲಿಗೆ? ಯಾರ ಜೊತೆ? ಚಿತ್ತವಾಡ್ಗಿಯ ಈ ಓಣಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಹಾಲು ಉಕ್ಕಿತು ಎನ್ನುವುದೂ ನನಗೆ ಗೊತ್ತು, ನನ್ನ ಮಗಳು ಹೋಗುವ ಜಾಗ ಗೊತ್ತಿಲ್ಲ! ಪ್ರಶ್ನೆ ಗಂಟಲಿಗೆ ಬಂದಾಗಲೆಲ್ಲ ಎಲೆ ಅಡಿಕೆ ತುರುಕಿಕೊಂಡೆ.

ಮೊನ್ನೆ ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು ಹೊಸ್ತಿಲಲ್ಲಿ ನಿಂತಳು. ಪಲ್ಲವಿ ಶಾಲೆಗೆ ಹೋಗಿದ್ದಳು, ನಡುವೆ ಯಾರೂ ಇಲ್ಲ.

"ಯಾಕ, ಕೇಳಂಗಿಲ್ಲೇನು?"

"ಏನ?"

"ಎಲ್ಲಿಗೆ ಅಂತ."

"ನಾ ಒಲ್ಲೆ. ಒಮ್ಮೆ ಕೇಳಿ ಸಾಕಾಗೈತಿ."

"ಕೇಳು ಯವ್ವಾ..." ದನಿ ಒಡೆದಿತ್ತು.

"ಎಲ್ಲಿಗೆ ಹೊಂಟಿ?" ಅಂದೆ.

"ಬಂದು ಹೇಳ್ತೀನಿ" ಎಂದು ಹೋಗಿಯೇಬಿಟ್ಟಳು. ನಿಮ್ಮದೇ ಮಾತು! ಅವಳಿಗೇನು ಗೊತ್ತು?

ಆ ದಿನ ನಾನು ಹೊಸ್ತಿಲು ಬಿಟ್ಟು ಏಳಲಿಲ್ಲ, ಉಣ್ಣಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಪೀಂ ಪೀಂ. ಆಟೋ. ಓಡಿಸುತ್ತಿದ್ದವಳು ನಿಮ್ಮ ಹೆಂಡತಿ! "ಹಂಪಿ ಮಟ ಹೋಗಿದ್ದೆ ಯವ್ವಾ, ಫಾರಿನ್ ಮಂದೀನ್ನ ಕುಂದ್ರಿಸ್ಕೊಂಡು." ಇಷ್ಟು ದಿನ ಕಲಿಯಲು ಹೋಗುತ್ತಿದ್ದಳಂತೆ. ಆಗ ನಿಮ್ಮ ಉತ್ತರವನ್ನು ಅವಳಿಗೆ ಹೇಳಿದೆ. ಕೀಲಿ ತಿರುಗಿಸಿ ಆಟೋ ಬಂದ್ ಮಾಡಿದಳು. ಕಣ್ಣೊರೆಸಿಕೊಂಡು ಕೇಳಿದಳು: "ಹಂಗಾರ ಅವ್ರು ಎಲ್ಲಿಗೆ ಹೊಂಟಿದ್ರಬೇ?"

ಈಗ ಅದೇ ನಮ್ಮ ಮನೆಯ ಮಾತು. ತನಗೆ ಸೈಕಲ್ ತರಲು ಎನ್ನುತ್ತಾಳೆ ಪಲ್ಲವಿ. ಯಾರದೋ ಮಗಳಿಗೆ ವರ ನೋಡಲು ಎನ್ನುತ್ತಾಳೆ ನೀಲಾ. ನಾನು ಹೊಳೆಮೀನಿಗೆ ಅನ್ನುತ್ತೇನೆ. ಇಸ್ತ್ರಿ ಅಂಗಿ ಹಾಕಿ ಮೀನು ತರಲು ಹೋಗುತ್ತಾರೇನು ಎಂದು ಇಬ್ಬರೂ ನಗುತ್ತಾರೆ.

ಬಂದು ಹೇಳುವುದು ನಿಮ್ಮಿಂದ ಆಗಲಿಲ್ಲ. ನಾನೇ ಅಲ್ಲಿಗೆ ಬಂದು ಕೇಳುತ್ತೇನೆ, ಬಾಗಿಲ ಹಿಂದಿನಿಂದಲ್ಲ, ಎದುರಿಗೇ ಕೂತು. ಆದರೆ ನನ್ನ ಕರ್ಯಾಕ ಜಲ್ದಿ ಮಾಡಬ್ಯಾಡ್ರಿ. ದಿನಾ ಮುಂಜಾನೆ ನೀಲಾ ಆಟೋ ಹತ್ತುವಾಗ ಎಲ್ಲಿಗೆ ಅಂತ ಕೇಳುವವರು ಬೇಕಲ್ಲ.

ನಿಮ್ಮ ಅತ್ತೆ